ಎರಡು ಪುಟಗಳನ್ನು ಪಕ್ಕಪಕ್ಕ ಇಡಲು ಬಿಡದ ಪರದೆ

ಕಳೆದ ಆಷಾಢದ ಒಂದು ಬೆಳಿಗ್ಗೆ, ಮಧ್ಯಾಹ್ನದೊಳಗೆ ಮುದ್ರಣಾಲಯಕ್ಕೆ ಕಳಿಸಬೇಕಾಗಿದ್ದ ಮುಖಪುಟವೊಂದನ್ನು ಮುಗಿಸಲು ಕುಳಿತರೆ, ನಾನು ಹದಿನೈದು ವರ್ಷಗಳಿಂದ ದಿನವೂ ಬಳಸುತ್ತಿರುವ ವಿನ್ಯಾಸ ತಂತ್ರಾಂಶವು ಹಿಂದಿನ ರಾತ್ರಿಯೇ ಅಪ್‌ಡೇಟ್ ಆಗಿ ಕುಳಿತಿತ್ತು. ಅದರ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಓದುವವರಲ್ಲಿ ಅರ್ಧ ಜನ ಆ ಕಂಪನಿಯ ಪರ, ಅರ್ಧ ಜನ ವಿರುದ್ಧ ನಿಂತುಬಿಡುತ್ತಾರೆ, ನಾನು ಹೇಳಹೊರಟ ಮಾತು ಅಲ್ಲೇ ಉಳಿದುಹೋಗುತ್ತದೆ. ನನ್ನ ಪರದೆಯ ಮೇಲೆ ವರ್ಷಗಳಿಂದ ಒಂದೇ ಏರ್ಪಾಡು ಇತ್ತು: ಎಡಕ್ಕೆ ಈಗ ಕಟ್ಟುತ್ತಿರುವ ಪುಟ, ಬಲಕ್ಕೆ ಅದೇ ಪುಸ್ತಕದ ಹಳೆಯ ಮುದ್ರಣ ಅಥವಾ ಲೇಖಕರು ಕಳಿಸಿದ ಹಸ್ತಪ್ರತಿ, ಕೆಳಗೆ ಮೂಲೆಯಲ್ಲಿ ಈಗಿನ ಪುಟವನ್ನೇ ಚಿಕ್ಕದಾಗಿ, ಇಡಿಯಾಗಿ ತೋರಿಸುವ ಇನ್ನೊಂದು ಕಿಟಕಿ. ಬಣ್ಣ, ಪದರ, ಅಕ್ಷರ ಇತ್ಯಾದಿಗಳ ಫಲಕಗಳೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಎರಡನೆಯ ಮಾನಿಟರಿನ ಮೇಲೆ, ಪ್ರತಿಯೊಂದೂ ಅದರದರ ಜಾಗದಲ್ಲಿ. ಆ ಬೆಳಿಗ್ಗೆ ನೋಡಿದರೆ ಮೂರೂ ಕಿಟಕಿಗಳು ಒಂದೇ ಚೌಕಟ್ಟಿನೊಳಗೆ ಒಂದರ ಹಿಂದೊಂದು ಟ್ಯಾಬುಗಳಾಗಿ ನಿಂತಿದ್ದವು. ಎರಡನೆಯ ಮಾನಿಟರು ಖಾಲಿ. ಫಲಕಗಳೆಲ್ಲ ಮೊದಲನೆಯ ಪರದೆಯ ಬಲ ಅಂಚಿಗೆ ಬಂದು, ಹೆಸರೂ ಇಲ್ಲದ ಸಣ್ಣ ಚಿತ್ರಗಳ ಒಂದು ಕಂಬವಾಗಿ ಮುದುಡಿಕೊಂಡಿದ್ದವು.

ಟ್ಯಾಬನ್ನು ಹಿಡಿದು ಎಳೆದರೆ ಕಿಟಕಿಯೇನೋ ಹೊರಗೆ ಬರುತ್ತಿತ್ತು. ಆದರೆ ಅದನ್ನು ಬೇಕಾದಲ್ಲಿ ಇಡಲೆಂದು ಪರದೆಯ ಮೇಲ್ಭಾಗದ ಹತ್ತಿರ ಒಯ್ದ ಕೂಡಲೇ ಒಂದು ನೀಲಿ ಗೆರೆ ಮಿಂಚಿ, ಚೌಕಟ್ಟು ಅದನ್ನು ಮತ್ತೆ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಫಲಕವೊಂದನ್ನು ಬಿಡಿಸಿ ಪಕ್ಕಕ್ಕಿಟ್ಟರೆ, ಮೌಸ್ ಅತ್ತ ಸರಿದ ಮೇಲೆ ಅದು ತಾನೇ ಮಡಚಿಕೊಳ್ಳುತ್ತಿತ್ತು. ಎಲ್ಲವನ್ನೂ ಮೊದಲಿನಂತೆ ಬಿಡಿಬಿಡಿಯಾಗಿ ತೆರೆಯುವ ಆಯ್ಕೆ ಇಲ್ಲದಿರಲಿಲ್ಲ. ಅದು ಮೆನುವಿನೊಳಗಿನ ಮೆನುವಿನಲ್ಲಿ, ಯಾರೂ ಹೋಗದ ಕೋಣೆಯಲ್ಲಿ ಇತ್ತು. ಅದನ್ನು ಹುಡುಕಲು ನನಗೆ ನಲವತ್ತು ನಿಮಿಷ ಬೇಕಾಯಿತು, ಮತ್ತು ತಂತ್ರಾಂಶವನ್ನು ಮುಚ್ಚಿ ತೆರೆದಾಗ ಅದು ಆ ಆಯ್ಕೆಯನ್ನು ಮರೆತೂಬಿಟ್ಟಿತ್ತು. ಹೊಸ ಆವೃತ್ತಿಯಲ್ಲಿ ಏನೇನಿದೆಯೆಂದು ಹೇಳುವ ಸ್ವಾಗತದ ಪುಟ ಮಾತ್ರ ಪ್ರತಿ ಸಲವೂ ತಪ್ಪದೆ ತೆರೆದುಕೊಳ್ಳುತ್ತಿತ್ತು. ‘ಈಗ ನಿಮ್ಮ ಗಮನ ಕೆಲಸದ ಮೇಲೆ ಮಾತ್ರ’ ಎಂಬ ಅರ್ಥದ ಒಂದು ಮಾತು ಅದರಲ್ಲಿತ್ತು. ಆ ಮಾತು ಆಮೇಲೆ ಎಷ್ಟೋ ದಿನ ನನ್ನ ತಲೆಯೊಳಗೆ ಕೊರೆಯುತ್ತಿತ್ತು, ಏಕೆಂದರೆ ನನ್ನ ಕೆಲಸ ಯಾವುದು ಎಂಬುದರ ಬಗ್ಗೆಯೇ ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯ ಇದ್ದಂತಿತ್ತು.

ಕಿಟಕಿ ಎಂಬ ಪದವನ್ನು ಬಳಸುವಾಗ ನನಗೆ ಯಾವಾಗಲೂ ಸ್ವಲ್ಪ ಮುಜುಗರ. ಕನ್ನಡಕ್ಕೆ ತಂದಿರುವ ಮುಕ್ತ ತಂತ್ರಾಂಶಗಳಲ್ಲಿ ಈ ಪದ ಬಳಕೆಯಲ್ಲಿದೆ, ಕಚೇರಿಗಳಲ್ಲಿ ಎಲ್ಲರೂ ವಿಂಡೋ ಎಂದೇ ಅನ್ನುತ್ತಾರೆ. ಎರಡೂ ಒಂದೇ. ಆದರೆ ಗೋಡೆಯ ಕಿಟಕಿಯನ್ನು ಯಾರೂ ಎತ್ತಿ ಪಕ್ಕಕ್ಕಿಡುವುದಿಲ್ಲ, ಒಂದರ ಮೇಲೊಂದು ಪೇರಿಸುವುದೂ ಇಲ್ಲ. ಪರದೆಯ ಮೇಲೆ ನಾವು ಸರಿಸಾಡುವ ವಸ್ತು ಹಾಳೆಗೆ ಹತ್ತಿರವಾದದ್ದು. ಆರಂಭದಲ್ಲೇ ಯಾರಾದರೂ ಅದನ್ನು ಹಾಳೆ ಎಂದು ಕರೆದಿದ್ದರೆ, ಮೇಜಿನ ಮೇಲಿನ ಹಾಳೆಗಳನ್ನೆಲ್ಲ ಒಟ್ಟುಮಾಡಿ ಕ್ಲಿಪ್ ಹಾಕಿ ‘ಒಂದು ಸಲಕ್ಕೆ ಒಂದನ್ನೇ ನೋಡು’ ಎನ್ನುವುದು ಎಷ್ಟು ವಿಚಿತ್ರ ಎಂದು ಬೇಗ ಹೊಳೆಯುತ್ತಿತ್ತೋ ಏನೋ.

ಕಾಕಾನ ಕೇಸು

ನಾನು ಈ ಕೆಲಸ ಕಲಿತದ್ದು ಗದಗಿನಲ್ಲಿ. ಮುದ್ರಣಕ್ಕೆ ಹೆಸರಾದ ಊರು ಅದು. 2002ರ ಸುಮಾರಿಗೆ ನಾನು ಸೇರಿದ ಅಂಗಡಿಯ ಮುಂಭಾಗದಲ್ಲಿ ಎರಡು ಕಂಪ್ಯೂಟರುಗಳಿದ್ದವು, ಹಿಂಭಾಗದಲ್ಲಿ ಪಾವತಿ ಪುಸ್ತಕ, ಬಿಲ್ಲು ಮುದ್ರಿಸುವ ಒಂದು ಟ್ರೆಡಲ್ ಯಂತ್ರ, ಮತ್ತು ಅದರ ಪಕ್ಕದಲ್ಲಿ ಇನ್ನೂ ಎಸೆಯದೆ ಉಳಿಸಿಕೊಂಡಿದ್ದ ಅಚ್ಚುಮೊಳೆಗಳ ಮರದ ಕೇಸುಗಳು. ಮೊಳೆ ಜೋಡಿಸುವ ಕೆಲಸದಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದ ಹಿರಿಯರೊಬ್ಬರು ಅಲ್ಲಿದ್ದರು, ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಆಗಲೂ ಅಪರೂಪಕ್ಕೊಮ್ಮೆ ಸಣ್ಣ ಪಾವತಿಯೊಂದಕ್ಕೆ ಅವರು ಮೊಳೆ ಜೋಡಿಸುತ್ತಿದ್ದರು. ಎಡಗೈಯಲ್ಲಿ ಮೊಳೆ ಕೂಡಿಸುವ ಸ್ಟಿಕ್ಕು, ಕಣ್ಣು ಕಾಪಿಯ ಮೇಲೆ, ಬಲಗೈ ಮಾತ್ರ ಕೇಸಿನ ಖಾನೆಯಿಂದ ಖಾನೆಗೆ ತಾನೇ ದಾರಿ ಗೊತ್ತಿದ್ದಂತೆ ಹೋಗಿ ಬರುತ್ತಿತ್ತು. ಕನ್ನಡಕ್ಕೆ ಇಂಗ್ಲಿಷಿನಂತೆ ಎರಡು ಕೇಸು ಸಾಲುವುದಿಲ್ಲ. ಗುಣಿತಾಕ್ಷರ, ಒತ್ತು, ಅರ್ಕಾವತ್ತು ಎಂದು ಖಾನೆಗಳು ಬೆಳೆಯುತ್ತಲೇ ಹೋಗುತ್ತವೆ. ಹೆಚ್ಚು ಬಳಕೆಯವು ಕೈಗೆ ಹತ್ತಿರ, ಅಪರೂಪದವು ದೂರ.

ಒಂದು ಮಧ್ಯಾಹ್ನ ಕೆಲಸ ಮುಗಿದ ಪುಟವನ್ನು ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ತಿರುಗಿ ಹಾಕುವ ಕೆಲಸವನ್ನು ನನಗೆ ಕೊಟ್ಟರು. ಖಾಲಿ ಇದ್ದ ಒಂದು ಖಾನೆ ನನಗೆ ಹೆಚ್ಚು ಅನುಕೂಲವೆಂದು ಕಂಡು, ನಾನು ಯಾವುದೋ ಒಂದು ಒತ್ತಕ್ಷರವನ್ನು ಅಲ್ಲಿಗೆ ಬದಲಾಯಿಸಿದೆ. ಕಾಕಾ ಬಂದವರು ನೋಡಲೂ ಇಲ್ಲ, ಕೈ ಹಾಕಿದವರೇ ನಿಂತರು. ‘ತಮ್ಮಾ, ಇದನ್ನ್ಯಾಕ ಇಲ್ಲಿ ಹಾಕಿ? ಇದ್ದಲ್ಲೇ ಇರಲಿ ಬಿಡು. ಕಣ್ಣಿಗೆ ಓದೂ ಕೆಲಸ ಐತಿ, ಹುಡುಕೂದು ಕೈ ಕೆಲಸ’ ಎಂದರು. ಬೈಯಲಿಲ್ಲ. ಆದರೆ ಆ ಒಂದು ಖಾನೆಯ ಮೊಳೆಗಳನ್ನು ನನ್ನಿಂದಲೇ ಮತ್ತೆ ಹಳೆಯ ಜಾಗಕ್ಕೆ ಎಣಿಸಿ ಹಾಕಿಸಿದರು. ನಾನು ಮಾಡಿದ್ದ ಬದಲಾವಣೆ ಬುದ್ಧಿವಂತಿಕೆಯದೇ ಆಗಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಹೊಸದಾಗಿ ಬಂದವನೊಬ್ಬ ಆ ಕೇಸಿನ ಮುಂದೆ ನಿಂತಿದ್ದರೆ ಅವನಿಗೆ ನನ್ನ ಏರ್ಪಾಡೇ ಸುಲಭವಾಗುತ್ತಿತ್ತು. ಆದರೆ ಆ ಕೇಸಿನ ಮುಂದೆ ನಿಲ್ಲುತ್ತಿದ್ದವರು ಕಾಕಾ.

ಅಂಗಡಿಯ ಮುಂಭಾಗದ ಕಂಪ್ಯೂಟರುಗಳಲ್ಲಿ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಇತ್ತು. ಅದನ್ನು 1985ರಲ್ಲಿ ಹೊರತಂದದ್ದು ಆಲ್ಡಸ್ ಎಂಬ ಕಂಪನಿ. ವೆನಿಸ್ಸಿನ ಹಳೆಯ ಮುದ್ರಕ ಆಲ್ಡಸ್ ಮನುಟಿಯಸ್‌ನ ಹೆಸರನ್ನು ಆ ಕಂಪನಿಗೆ ಇಟ್ಟ ಪಾಲ್ ಬ್ರೇನರ್ಡ್, ಅದಕ್ಕೂ ಮೊದಲು ಪತ್ರಿಕೆಗಳಿಗೆ ಗಣಕ ವ್ಯವಸ್ಥೆಗಳನ್ನು ಒದಗಿಸುವ ಕಂಪನಿಯಲ್ಲಿ ಕೆಲಸ ಮಾಡಿದವರು. ಪುಟ ಅಂಟಿಸುವವರ ಮೇಜು ಹೇಗಿರುತ್ತದೆಂದು ಬಲ್ಲವರು. ಅದಕ್ಕೇ ಇರಬೇಕು, ಪೇಜ್‌ಮೇಕರಿನಲ್ಲಿ ಪುಟದ ಸುತ್ತ ಒಂದು ದೊಡ್ಡ ಹಲಗೆ ಇರುತ್ತಿತ್ತು. ಅದರ ಮೇಲೆ ಇಟ್ಟ ಚಿತ್ರವೋ ಶೀರ್ಷಿಕೆಯೋ ನೀವು ಯಾವ ಪುಟಕ್ಕೆ ಹೋದರೂ ಜೊತೆಗೇ ಬರುತ್ತಿತ್ತು, ನಿಜವಾದ ಮೇಜಿನ ಮೇಲೆ ಕತ್ತರಿಸಿಟ್ಟ ತುಣುಕು ಅಲ್ಲೇ ಬಿದ್ದಿರುವಂತೆ. ಆಮೇಲೆ ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಪ್ರತಿ ಜೋಡಿಪುಟಕ್ಕೂ ಅದರದೇ ಹಲಗೆ, ಪುಟ ಬದಲಾದರೆ ತುಣುಕೂ ಕಣ್ಮರೆ. ತರ್ಕಕ್ಕೆ ಅದು ಹೆಚ್ಚು ಶಿಸ್ತಿನದು, ನಿಜ. ಗದಗಿನಲ್ಲಿ ಮದುವೆಯ ಸುಗ್ಗಿಯಲ್ಲಿ ನಾವು ಮಾಡುತ್ತಿದ್ದುದು ಇಷ್ಟೇ: ಹಳೆಯ ಲಗ್ನಪತ್ರಿಕೆಯ ಕಡತವನ್ನೂ ಹೊಸದನ್ನೂ ತೆರೆದು, ವಿಂಡೋ ಮೆನುವಿನಲ್ಲಿ ‘ಟೈಲ್’ ಎಂದು ಒತ್ತಿದರೆ ಎರಡೂ ಪಕ್ಕಪಕ್ಕ ಬಂದು ನಿಲ್ಲುತ್ತಿದ್ದವು. ಗಣಪತಿಯನ್ನೂ ಬಳ್ಳಿಯ ಅಂಚನ್ನೂ ಇಲ್ಲಿಂದ ಅಲ್ಲಿಗೆ ಎಳೆದು ಹಾಕಿ, ಹೆಸರು, ಮುಹೂರ್ತ, ಆಶೀರ್ವದಿಸುವ ಹಿರಿಯರ ಪಟ್ಟಿಯನ್ನು ಹೊಸದಾಗಿ ಹೊಡೆಯುವುದು. ಹದಿನಾಲ್ಕು ಇಂಚಿನ ಪರದೆಯಲ್ಲಿ ಎರಡು ಕಡತ ಪಕ್ಕಪಕ್ಕ ಇಡುವುದು ಸಾಧ್ಯವಿದ್ದದ್ದು ಇಪ್ಪತ್ತೇಳು ಇಂಚಿನ ಪರದೆಯಲ್ಲಿ ನಲವತ್ತು ನಿಮಿಷದ ಹುಡುಕಾಟವಾಗಿದೆ ಎಂಬುದು ನನಗೆ ಇನ್ನೂ ಜೀರ್ಣವಾಗಿಲ್ಲ.

ಹಾಸುವುದೋ, ಹೇರುವುದೋ

ಕಿಟಕಿಗಳನ್ನು ಹೆಂಚಿನಂತೆ ಪಕ್ಕಪಕ್ಕ ಹಾಸಬೇಕೋ, ಕಾಗದದಂತೆ ಒಂದರ ಮೇಲೊಂದು ಹೇರಬೇಕೋ ಎಂಬ ಜಗಳ ಕಂಪ್ಯೂಟರಿನ ಪರದೆಯಷ್ಟೇ ಹಳೆಯದು. 1981ರಲ್ಲಿ ಝೆರಾಕ್ಸ್ ಕಂಪನಿ ಮಾರಾಟಕ್ಕೆ ತಂದ ಸ್ಟಾರ್ ಎಂಬ ಯಂತ್ರದಲ್ಲಿ ದಾಖಲೆಗಳ ಕಿಟಕಿಗಳು ಒಂದನ್ನೊಂದು ಮುಚ್ಚುತ್ತಿರಲಿಲ್ಲ. ಅದೇ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅದಕ್ಕೂ ಮುಂಚೆಯೇ ಒಂದರ ಮೇಲೊಂದು ಬೀಳುವ ಕಿಟಕಿಗಳಿದ್ದವು. 1979ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಆಪಲ್ ತಂಡದ ಬಿಲ್ ಅಟ್ಕಿನ್ಸನ್, ಅರ್ಧ ಮುಚ್ಚಿಹೋದ ಕಿಟಕಿಯೊಳಗೂ ಚಿತ್ರ ಸರಿಯಾಗಿ ಮೂಡುವುದನ್ನು ತಾವು ಅಲ್ಲಿ ಕಂಡೆವೆಂದು ನಂಬಿಕೊಂಡು, ಅದನ್ನು ತಮ್ಮ ಯಂತ್ರದಲ್ಲೂ ಮಾಡಲು ಹಗಲಿರುಳು ಲೆಕ್ಕ ಹಾಕಿದರು. ಅಲ್ಲಿನವರು ಅದನ್ನು ಮಾಡಿಯೇ ಇರಲಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಅಟ್ಕಿನ್ಸನ್ ಮಾಡಿ ಮುಗಿಸಿದ್ದರು. ತಪ್ಪು ನೆನಪಿನಿಂದ ಹುಟ್ಟಿದ ಸರಿಯಾದ ಕೆಲಸ ಎಂದು ಈ ಪ್ರಸಂಗ ನನಗೆ ಬಹಳ ಇಷ್ಟ. 1984ರ ಮ್ಯಾಕಿಂಟೋಷ್ ಪರದೆ ಒಂಬತ್ತೇ ಇಂಚಿನದು, ಅಡ್ಡಕ್ಕೆ 512 ಚುಕ್ಕೆ, ಉದ್ದಕ್ಕೆ 342. ಅಷ್ಟು ಸಣ್ಣ ಜಾಗದಲ್ಲೂ ಹಾಳೆಗಳನ್ನು ಚೆಲ್ಲಾಡಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಬೇಕೆಂದು ಅವರಿಗೆ ಅನ್ನಿಸಿತ್ತು.

ಮೈಕ್ರೋಸಾಫ್ಟ್‌ನ ಮೊದಲ ವಿಂಡೋಸ್ 1985ರ ನವೆಂಬರಿನಲ್ಲಿ ಬಂದಾಗ ಅದರ ಕಿಟಕಿಗಳು ಹಾಸುವ ಜಾತಿಯವು. 1987ರ ಎರಡನೆಯ ಆವೃತ್ತಿಯ ಹೊತ್ತಿಗೆ ಅವೂ ಹೇರುವ ಜಾತಿಗೆ ಸೇರಿದವು. ಅಲ್ಲಿಂದ ಮುಂದೆ ಎರಡು ಮನೆತನಗಳ ರೂಢಿ ಬೇರೆ ಬೇರೆಯಾಯಿತು. ಮ್ಯಾಕ್‌ನಲ್ಲಿ ತಂತ್ರಾಂಶಕ್ಕೆ ಗೋಡೆಯೇ ಇರಲಿಲ್ಲ. ದಾಖಲೆಗಳು, ಫಲಕಗಳು ಪರದೆಯ ಮೇಲೆ ಬಿಡಿಬಿಡಿಯಾಗಿ ತೇಲುತ್ತಿದ್ದವು, ಸಂದಿಯಲ್ಲಿ ಹಿಂದಿನ ಡೆಸ್ಕ್‌ಟಾಪ್ ಕಾಣುತ್ತಿತ್ತು. ವಿಂಡೋಸ್‌ನಲ್ಲಿ ತಂತ್ರಾಂಶ ಎಂದರೆ ಒಂದು ದೊಡ್ಡ ಬೂದು ಬಣ್ಣದ ಅಂಗಳ, ದಾಖಲೆಗಳು ಅದರೊಳಗೆ ಆಡುವ ಮಕ್ಕಳು, ಕಾಂಪೌಂಡು ದಾಟುವಂತಿಲ್ಲ. ಎರಡಕ್ಕೂ ಅದರದರ ಕಿರಿಕಿರಿ ಇತ್ತು, ಆದರೆ ಅಂಗಳದೊಳಗಾದರೂ ಮಕ್ಕಳು ಪಕ್ಕಪಕ್ಕ ನಿಲ್ಲಬಹುದಿತ್ತು. 2008ರ ಕೊನೆಯಲ್ಲಿ ಬಂದ ಅಡೋಬಿಯ ಸಿಎಸ್4 ಸರಣಿಯಲ್ಲಿ ಫೋಟೋಶಾಪ್ ಮೊದಲಾದವುಗಳಿಗೆ ಟ್ಯಾಬುಗಳು ಬಂದವು, ಮ್ಯಾಕ್‌ಗೂ ಎಲ್ಲವನ್ನೂ ಒಳಗೊಳ್ಳುವ ಒಂದು ಚೌಕಟ್ಟು ಬಂತು. ಅಷ್ಟು ಹೊತ್ತಿಗೆ ನಾವೆಲ್ಲ ಬ್ರೌಸರಿನಲ್ಲಿ ಟ್ಯಾಬುಗಳಿಗೆ ಒಗ್ಗಿಕೊಂಡಿದ್ದೆವು. ಬ್ರೌಸರಿನಲ್ಲಿ ಅವು ಸರಿಯೇ. ಸುದ್ದಿ ಓದುವವನು ಒಂದಾದ ಮೇಲೆ ಒಂದನ್ನು ಓದುತ್ತಾನೆ, ಎರಡು ಸುದ್ದಿಗಳ ಶೀರ್ಷಿಕೆಯ ಎತ್ತರ ಒಂದೇ ಇದೆಯೇ ಎಂದು ಅಳೆಯುವುದಿಲ್ಲ.

ಈಗ ತಮಾಷೆ ನೋಡಿ: ಆಪರೇಟಿಂಗ್ ಸಿಸ್ಟಮ್‌ಗಳೇ ಹಾಸುವ ಕಡೆಗೆ ತಿರುಗಿವೆ. ಕಿಟಕಿಯನ್ನು ಅಂಚಿಗೆ ತಳ್ಳಿದರೆ ಅರ್ಧ ಪರದೆಗೆ ಕೂರುವ ಸೌಲಭ್ಯ 2009ರ ವಿಂಡೋಸ್ 7ರಲ್ಲೇ ಬಂತು, ಅಂಥದೇ ಏರ್ಪಾಡನ್ನು ಮ್ಯಾಕ್ 2024ರಲ್ಲಿ ತನ್ನದಾಗಿಸಿಕೊಂಡಿತು, ಒಂದು ಸಲಕ್ಕೆ ಒಂದೇ ಎಂದು ಹಟ ಹಿಡಿದಿದ್ದ ಐಪ್ಯಾಡ್ ಕೂಡ 2015ರಲ್ಲೇ ಎರಡು ತಂತ್ರಾಂಶಗಳನ್ನು ಪಕ್ಕಪಕ್ಕ ಇಡಲು ಬಿಟ್ಟಿತು. ಅಂದರೆ ಹೊರಗಿನ ಮನೆ ಪಕ್ಕಪಕ್ಕ ಕೂರಲು ಜಾಗ ಮಾಡಿಕೊಡುತ್ತಿದೆ. ಒಳಗಿನ ತಂತ್ರಾಂಶ ತನ್ನ ಮಕ್ಕಳನ್ನು ಒಂದೇ ಕೋಣೆಗೆ ತುಂಬಿ ಬಾಗಿಲು ಹಾಕುತ್ತಿದೆ. ನನ್ನ ಎರಡು ಪುಟಗಳು ಒಂದೇ ಚೌಕಟ್ಟಿನೊಳಗಿನ ಎರಡು ಟ್ಯಾಬುಗಳಾದ್ದರಿಂದ, ಹೊರಗಿನ ಈ ಸೌಲಭ್ಯಗಳಿಗೆ ಅವು ಎರಡೆಂದು ಗೊತ್ತೇ ಆಗುವುದಿಲ್ಲ.

ಯಾರು ಕೇಳಿದ್ದರು?

ಕೋಪ ಸ್ವಲ್ಪ ಆರಿದ ಮೇಲೆ ನಾನು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಉತ್ತರ ನನಗೆ ಅನುಕೂಲವಾಗಿರಲಿಲ್ಲ, ಏಕೆಂದರೆ ಕೇಳಿದವರು ಇದ್ದಾರೆ. ಚಿತ್ರ ತಿದ್ದುವ ಮುಕ್ತ ತಂತ್ರಾಂಶವಾದ ಗಿಂಪ್‌ನ ಕಥೆಯನ್ನೇ ನೋಡಬಹುದು. ಅದರಲ್ಲಿ ಉಪಕರಣಗಳಿಗೊಂದು, ಚಿತ್ರಕ್ಕೊಂದು, ಫಲಕಗಳಿಗೊಂದು ಎಂದು ಕಿಟಕಿಗಳು ಚದುರಿಕೊಂಡಿರುತ್ತಿದ್ದವು, ನನಗೆ ಬೇಕಾದ ಹಾಗೆಯೇ. ಆದರೆ ಅದನ್ನು ಮೊದಲ ಸಲ ತೆರೆದವರು ಹಿಂದಿನ ಬ್ರೌಸರು ಸಂದಿಯಲ್ಲಿ ಇಣುಕುವುದನ್ನು ಕಂಡು, ಎಲ್ಲೋ ಕ್ಲಿಕ್ ಮಾಡಿದರೆ ಉಪಕರಣಗಳೇ ಮಾಯವಾಗುವುದನ್ನು ಕಂಡು ಬೇಸತ್ತು ಮುಚ್ಚುತ್ತಿದ್ದರು. ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಕೊಡಿ ಎಂಬುದು ವರ್ಷಗಟ್ಟಲೆ ಕೇಳಿಬಂದ ಬೇಡಿಕೆ. 2012ರ ಮೇ ತಿಂಗಳಲ್ಲಿ ಬಂದ 2.8ನೆಯ ಆವೃತ್ತಿಯಲ್ಲಿ ಅದು ಆಯ್ಕೆಯಾಗಿ ಬಂತು, 2018ರ 2.10ರಲ್ಲಿ ಅದೇ ಮೂಲ ಏರ್ಪಾಡಾಯಿತು. ಆದರೂ ಅದರ ‘ವಿಂಡೋಸ್’ ಎಂಬ ಮೆನುವಿನಲ್ಲಿ ಒಂದು ಗುರುತು ತೆಗೆದರೆ ಹಳೆಯ ಚದುರಿದ ಲೋಕ ತಿರುಗಿ ಬರುತ್ತದೆ. ಹೊಸಬರಿಗೆ ಬಾಗಿಲು ತೆರೆದರು, ಹಳಬರನ್ನು ಹೊರಗೆ ಹಾಕಲಿಲ್ಲ.

ಲೆಕ್ಕಪತ್ರದವರಿಗೆ ಇದರ ತದ್ವಿರುದ್ಧ ಅನುಭವವಾಗಿದೆ. ಎಕ್ಸೆಲ್‌ನಲ್ಲಿ 2013ರ ಆವೃತ್ತಿ ಬರುವ ತನಕ ಎಲ್ಲ ಕಡತಗಳೂ ಒಂದೇ ಅಂಗಳದೊಳಗೆ ಇರುತ್ತಿದ್ದವು, ಆಮೇಲೆ ಪ್ರತಿ ಕಡತಕ್ಕೂ ಸ್ವಂತ ಕಿಟಕಿ ಬಂತು. ಎರಡು ಮಾನಿಟರಿನ ಮೇಲೆ ಎರಡು ವರ್ಷದ ಲೆಕ್ಕ ಹರಡಿಕೊಳ್ಳುವವರಿಗೆ ಅದು ಹಬ್ಬ. ನನ್ನ ಪರಿಚಯದ ಲೆಕ್ಕಪರಿಶೋಧಕರೊಬ್ಬರು ಮಾತ್ರ ‘ಎಲ್ಲ ಒಂದೇ ಕಡೆ ಇತ್ತು, ಈಗ ಯಾವುದು ಎಲ್ಲಿದೆ ಗೊತ್ತಾಗಲ್ಲ ಸಾರ್’ ಎಂದು ಇವತ್ತಿಗೂ ಗೊಣಗುತ್ತಾರೆ. ಅವರ ಗೊಣಗಾಟವೂ ನನ್ನದೂ ಒಂದೇ ಎಂದು ನನಗೆ ತಡವಾಗಿ ಹೊಳೆಯಿತು. ಅವರು ಕಳೆದುಕೊಂಡದ್ದು ಚೌಕಟ್ಟನ್ನು, ನಾನು ಕಳೆದುಕೊಂಡದ್ದು ಚೌಕಟ್ಟಿಲ್ಲದಿರುವುದನ್ನು, ಆದರೆ ಇಬ್ಬರ ಕೈಯೂ ಹೋಗಿ ಬಿದ್ದದ್ದು ಮೊಳೆ ಬದಲಾದ ಖಾನೆಯೊಳಗೆ. ಬ್ರೌಸರಿನಲ್ಲೇ ಕೆಲಸ ಮಾಡುವ ವಿನ್ಯಾಸ ತಂತ್ರಾಂಶ ಫಿಗ್ಮಾ 2024ರ ಜೂನಿನಲ್ಲಿ ತನ್ನ ಹೊಸ ರೂಪದಲ್ಲಿ ಎಡಬಲದ ಫಲಕಗಳನ್ನು ಅಂಚಿನಿಂದ ಬಿಡಿಸಿ ತೇಲುವಂತೆ ಮಾಡಿತ್ತು. ಬಳಸಿದವರ ಆಕ್ಷೇಪ ಕೇಳಿ ಕೆಲವೇ ತಿಂಗಳಲ್ಲಿ ಅವನ್ನು ಮತ್ತೆ ಅಂಚಿಗೆ ಅಂಟಿಸಿತು. ತೇಲುವುದೇ ಒಳ್ಳೆಯದು ಎಂದು ವಾದಿಸಲು ಹೊರಟಿದ್ದ ನನಗೆ ಈ ಸುದ್ದಿ ಸ್ವಲ್ಪ ಇರುಸುಮುರುಸು ಮಾಡಿತು, ಆದರೆ ಹಿಂದೆ ಸರಿಯುವ ಸೌಜನ್ಯ ಒಂದು ಕಂಪನಿಗೆ ಇತ್ತೆಂಬುದು ಸಮಾಧಾನವನ್ನೂ ತಂದಿತು.

ಕಂಪನಿಗಳ ಕಡೆಯ ಕಾರಣಗಳೂ ಸುಳ್ಳಲ್ಲ. ಇವತ್ತು ವಿನ್ಯಾಸ ಕಲಿಯುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಬಳಿ ಇರುವುದು ಒಂದು ಲ್ಯಾಪ್‌ಟಾಪು, ಅದರ ಪುಟ್ಟ ಪರದೆ, ಮೌಸ್ ಬದಲು ಬೆರಳು. ಅವರಿಗೆ ತೇಲುವ ಒಂಬತ್ತು ಫಲಕಗಳನ್ನು ಕೊಟ್ಟರೆ ಪುಟವೇ ಕಾಣದು. ಮಾನಿಟರಿನ ತಂತಿ ಕಿತ್ತಾಗ, ಇಲ್ಲದ ಪರದೆಯ ಮೇಲೆ ಫಲಕಗಳು ಉಳಿದುಹೋಗಿ ಎಲ್ಲಿಯೂ ಸಿಗದಾಗುವ ಫಜೀತಿಯನ್ನು ನಾನೇ ಎಷ್ಟೋ ಸಲ ಅನುಭವಿಸಿದ್ದೇನೆ. ಇವನ್ನೆಲ್ಲ ಒಪ್ಪಿಕೊಂಡ ಮೇಲೂ ನನ್ನ ತಕರಾರು ಉಳಿಯುತ್ತದೆ: ಹೊಸಬರಿಗೆ ಯಾವ ಏರ್ಪಾಡು ಕೊಡಬೇಕೆಂಬುದು ಒಂದು ಪ್ರಶ್ನೆ, ಹದಿನೈದು ವರ್ಷದಿಂದ ಕುಳಿತವನ ಮೇಜನ್ನು ರಾತ್ರಿ ಬಂದು ಗುಡಿಸಿಹಾಕುವುದು ಬೇರೆಯೇ ವಿಷಯ. ನನ್ನ ಏರ್ಪಾಡು ಅವರಿಗೆ ಗೊತ್ತಿರಲಿಲ್ಲವೆಂದೂ ಹೇಳುವಂತಿಲ್ಲ, ಅದನ್ನು ಉಳಿಸಿದ್ದ ಕಡತ ನನ್ನ ಕಂಪ್ಯೂಟರಿನಲ್ಲಿ ಅವರದೇ ಫೋಲ್ಡರಿನಲ್ಲಿತ್ತು.

ಎರಡು ಬೆನ್ನುಗಳು

ಆ ಅಪ್‌ಡೇಟ್ ಆದ ವಾರವೇ ನಾನು ಒಂದು ತಪ್ಪು ಮಾಡಿದೆ. ಹಿರಿಯ ಲೇಖಕರೊಬ್ಬರ ಪ್ರಬಂಧಗಳ ಎರಡು ಸಂಪುಟಗಳು. ಮೊದಲನೆಯದು ಹಿಂದಿನ ವರ್ಷವೇ ಅಚ್ಚಾಗಿ ಅಂಗಡಿಗಳಿಗೆ ಹೋಗಿತ್ತು, ಎರಡನೆಯದರ ರಕ್ಷಾಪುಟವನ್ನು ಅದಕ್ಕೆ ಜೋಡಿಯಾಗುವಂತೆ ಮಾಡಬೇಕಿತ್ತು. ಮುಖಪುಟ ಹೇಗಾದರೂ ಬೇರೆ ಬಣ್ಣದ್ದು. ಜೋಡಿ ಎಂದು ಗೊತ್ತಾಗುವುದು ಬೆನ್ನಿನಲ್ಲಿ. ಕನ್ನಡ ಪುಸ್ತಕಗಳ ಬೆನ್ನಿನ ಬಗ್ಗೆ ಬೇರೆಯದೇ ಒಂದು ಲೇಖನ ಬರೆಯಬಹುದು. ಹೆಸರನ್ನು ಮೇಲಿನಿಂದ ಕೆಳಕ್ಕೆ ಓದಿಸಬೇಕೋ ಕೆಳಗಿನಿಂದ ಮೇಲಕ್ಕೋ ಎಂಬುದರಲ್ಲೇ ನಮ್ಮ ಪ್ರಕಾಶಕರಲ್ಲಿ ಒಮ್ಮತವಿಲ್ಲ, ಹಾಗಾಗಿ ಯಾವ ಗ್ರಂಥಾಲಯಕ್ಕೆ ಹೋದರೂ ಓದುಗ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಾ ನಡೆಯಬೇಕು. ಆದರೆ ಒಂದೇ ಕೃತಿಯ ಎರಡು ಸಂಪುಟಗಳು ಕಪಾಟಿನಲ್ಲಿ ಅಂಟಿ ನಿಂತಾಗ ಹೆಸರು, ಸಂಪುಟದ ಅಂಕಿ, ಪ್ರಕಾಶನದ ಲಾಂಛನ ಒಂದೇ ಸಾಲಿನಲ್ಲಿ ಇರಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿಲ್ಲ.

ಹಳೆಯ ಏರ್ಪಾಡಿನಲ್ಲಿ ನಾನು ಎರಡೂ ಬೆನ್ನುಗಳನ್ನು ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ನಿಲ್ಲಿಸುತ್ತಿದ್ದೆ, ಕಪಾಟಿನಲ್ಲಿ ಅವು ನಿಲ್ಲುವಂತೆಯೇ. ನೋಡಿದ ಕೂಡಲೇ ಕಣ್ಣು ಹೇಳುತ್ತಿತ್ತು. ಈ ಸಲ ಎರಡೂ ಟ್ಯಾಬುಗಳಾಗಿದ್ದವು. ಒಂದನ್ನು ನೋಡಿದೆ, ಇನ್ನೊಂದಕ್ಕೆ ಹೋದೆ, ಮತ್ತೆ ಹಿಂದಕ್ಕೆ ಬಂದೆ. ಸರಿಯಾಗಿಯೇ ಕಂಡಿತು. ಒಂದು ಟ್ಯಾಬು ಶೇಕಡಾ 66ರ ಹಿಗ್ಗುವಿಕೆಯಲ್ಲಿ, ಇನ್ನೊಂದು ಶೇಕಡಾ 70ರ ಹತ್ತಿರ ಇದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಪುಸ್ತಕ ಅಚ್ಚಾಗಿ ಬಂದ ದಿನ ಪ್ರಕಾಶಕರು ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ, ಏನೂ ಮಾತಾಡದೆ ನನ್ನ ಕಡೆಗೆ ತಿರುಗಿಸಿದರು. ಎರಡನೆಯ ಸಂಪುಟದ ಲಾಂಛನ ನಾಲ್ಕು ಮಿಲಿಮೀಟರ್ ಕೆಳಗಿತ್ತು. ‘ಬೇರೆ ಯಾರಿಗೂ ಗೊತ್ತಾಗಲ್ಲ ಬಿಡಿ’ ಎಂದು ಅವರೇ ನನಗೆ ಸಮಾಧಾನ ಹೇಳಿದ್ದು ಇನ್ನಷ್ಟು ಚುಚ್ಚಿತು. ಗೆರೆ ಹಾಕಿ ಅಳೆಯಬಹುದಿತ್ತು, ಅಳೆಯಲಿಲ್ಲ, ಅದು ನನ್ನದೇ ತಪ್ಪು. ತಂತ್ರಾಂಶದ ತಲೆಗೆ ಕಟ್ಟಿ ನಾನು ಪಾರಾಗಲಾರೆ. ಆದರೆ ಅಳೆಯದಿದ್ದದ್ದು ಏಕೆಂದರೆ, ಅಷ್ಟು ವರ್ಷ ಅಳೆಯುವ ಅಗತ್ಯ ಬಿದ್ದಿರಲಿಲ್ಲ. ಎರಡು ವಸ್ತುಗಳು ಒಟ್ಟಿಗೆ ಎದುರಿಗಿದ್ದಾಗ ಕಣ್ಣೇ ಅಳತೆಪಟ್ಟಿ. ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಿದರೆ ಹೋಲಿಸಬೇಕಾಗುವುದು ನೆನಪು, ಮತ್ತು ನೆನಪು ನಾಲ್ಕು ಮಿಲಿಮೀಟರನ್ನು ಧಾರಾಳವಾಗಿ ಮನ್ನಿಸಿಬಿಡುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಬೆನ್ನಿನ ಮಟ್ಟಿಗೆ ನಿಲ್ಲುವುದೂ ಇಲ್ಲ. ನಮ್ಮಲ್ಲಿ ಮರುಮುದ್ರಣಕ್ಕೆ ಬರುವ ಎಷ್ಟೋ ಪುಸ್ತಕಗಳು ನುಡಿ ಅಥವಾ ಶ್ರೀಲಿಪಿಯಂಥ ಹಳೆಯ ಸಂಕೇತಗಳಲ್ಲಿ ಕೂಡಿಸಿದವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಹೊಸ ಪುಟ ಕಟ್ಟಬೇಕು. ಪರಿವರ್ತಕಗಳು ನೂರಕ್ಕೆ ತೊಂಬತ್ತೊಂಬತ್ತು ಪದಗಳನ್ನು ಸರಿಯಾಗಿ ತರುತ್ತವೆ ಎಂದೇ ಇಟ್ಟುಕೊಳ್ಳೋಣ, ಉಳಿದ ಒಂದು ಎಲ್ಲಿದೆಯೆಂದು ಅವು ಹೇಳುವುದಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ಸರಳ ಪದಗಳಲ್ಲಿ ತೊಂದರೆಯಿಲ್ಲ, ಒತ್ತಿನ ಮೇಲೆ ಒತ್ತು ಬಂದಲ್ಲಿ ಒಮ್ಮೊಮ್ಮೆ ಅದು ಪಕ್ಕದ ಮನೆಗೆ ಹೋಗಿ ಕುಳಿತಿರುತ್ತದೆ. ‘ರ‍್ಯಾಂಕ್’ ಎಂಬ ಪದದ ರಕಾರ ಅರ್ಕಾವತ್ತಾಗಿ ತಿರುಗಿ ಬೇರೆಯದೇ ರೂಪ ತಾಳುತ್ತದೆ. ಉದ್ಧರಣ ಚಿಹ್ನೆಗಳು ಹಿಂದುಮುಂದಾಗುತ್ತವೆ. ಇವನ್ನು ಹಿಡಿಯಲು ಹಳೆಯ ಪುಟವನ್ನೂ ಹೊಸ ಪುಟವನ್ನೂ ಪಕ್ಕಪಕ್ಕ ಇಟ್ಟು ಸಾಲಿಗೆ ಸಾಲು ಓದುವುದಲ್ಲದೆ ಬೇರೆ ದಾರಿಯಿಲ್ಲ. ಹಿಂದೆ ಮುದ್ರಣಾಲಯಗಳಲ್ಲಿ ಕರಡು ತಿದ್ದುವವರ ಪಕ್ಕದಲ್ಲಿ ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುವ ಕಾಪಿ ಹೋಲ್ಡರ್ ಒಬ್ಬರು ಕುಳಿತಿರುತ್ತಿದ್ದರು, ಒಬ್ಬರ ಕಣ್ಣು ಎರಡು ಕಡೆ ಓಡಾಡಬಾರದೆಂಬ ಕಾರಣಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ. ಆ ಹುದ್ದೆ ಹೋಯಿತು, ಅವರ ಜಾಗಕ್ಕೆ ಪರದೆಯ ಬಲ ಅರ್ಧ ಬಂತು. ಈಗ ಆ ಬಲ ಅರ್ಧವನ್ನೂ ಟ್ಯಾಬಿನ ಹಿಂದೆ ಬಚ್ಚಿಟ್ಟರೆ, ಮುನ್ನೂರು ಪುಟದ ಪುಸ್ತಕದಲ್ಲಿ ಸಾವಿರಾರು ಸಲ ಕೀಲಿ ಒತ್ತಿ ಅತ್ತಿಂದಿತ್ತ ಹೋಗುವುದು, ಹೋದಾಗಲೆಲ್ಲ ಯಾವ ಸಾಲಿನಲ್ಲಿದ್ದೆ ಎಂದು ಹುಡುಕುವುದು. ಸ್ವಾಗತದ ಪುಟ ಹೇಳಿದ ‘ಗಮನ’ ಇದೇ ಆಗಿದ್ದರೆ ಅದು ನನ್ನ ಬಳಿ ಮೊದಲೇ ಹೆಚ್ಚು ಇತ್ತು.

ಈಗಿನ ಏರ್ಪಾಡು

ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದೇನೆ. ಟ್ಯಾಬುಗಳಾಗಿ ತೆರೆಯುವ ಆಯ್ಕೆಯ ಗುರುತು ತೆಗೆದು, ನನ್ನ ಏರ್ಪಾಡನ್ನು ಹೊಸ ಹೆಸರಿನಲ್ಲಿ ಉಳಿಸಿ, ಆ ಕಡತದ ಪ್ರತಿಯೊಂದನ್ನು ತಂತ್ರಾಂಶದ ಕೈಗೆ ಸಿಗದ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ. ಹಳೆಯ ಮುದ್ರಣವನ್ನು ಪಿಡಿಎಫ್ ಮಾಡಿ ಬೇರೆ ತಂತ್ರಾಂಶದಲ್ಲಿ ತೆರೆದರೆ ಅದಕ್ಕೆ ಸ್ವಂತ ಕಿಟಕಿ ಸಿಗುತ್ತದೆ, ಅದು ಪಕ್ಕದಲ್ಲಿ ನಿಲ್ಲುತ್ತದೆ, ಎಳೆದು ಹಾಕಲು ಮಾತ್ರ ಬರುವುದಿಲ್ಲ. ಬೆನ್ನುಗಳನ್ನು ಕಾಗದದ ಮೇಲೆ ನಿಜ ಅಳತೆಗೆ ಮುದ್ರಿಸಿ ಮೇಜಿನ ಮೇಲೆ ಇಡುತ್ತೇನೆ. ಅದು ನಾಲ್ಕು ಮಿಲಿಮೀಟರು ಕಲಿಸಿದ ಅಭ್ಯಾಸ. ಮೇಜು ಅಪ್‌ಡೇಟ್ ಆಗುವುದಿಲ್ಲವೆಂದು ಮಗಳು ತಮಾಷೆ ಮಾಡುತ್ತಾಳೆ. ಅವಳು ವಿನ್ಯಾಸ ಕಲಿಯುತ್ತಿದ್ದಾಳೆ, ಅದೇ ತಂತ್ರಾಂಶದ ಹೊಸ ರೂಪದಲ್ಲಿ, ಹದಿಮೂರು ಇಂಚಿನ ಲ್ಯಾಪ್‌ಟಾಪಿನಲ್ಲಿ, ಟ್ಯಾಬುಗಳ ನಡುವೆ ನಾನು ನೋಡಲಾರದಷ್ಟು ವೇಗವಾಗಿ ಓಡಾಡುತ್ತಾಳೆ. ನನ್ನ ಹರಡಿದ ಪರದೆಯನ್ನು ಕಂಡರೆ ಅವಳಿಗೆ ತಲೆನೋವು. ‘ಅಪ್ಪಾ, ಇಷ್ಟರಲ್ಲಿ ನಿಮಗೆ ಏನಾದರೂ ಹೇಗೆ ಸಿಗುತ್ತೆ?’ ಎಂದು ಕೇಳುತ್ತಾಳೆ. ಹತ್ತು ವರ್ಷ ಕಳೆದ ಮೇಲೆ ಅವಳ ಟ್ಯಾಬುಗಳನ್ನೂ ಯಾರೋ ಒಂದು ರಾತ್ರಿ ಬಂದು ಬಿಚ್ಚಿ ತೇಲಿಬಿಡುತ್ತಾರೆಂಬ ಅನುಮಾನ ನನಗಿದೆ, ಆದರೆ ಅದನ್ನು ಅವಳಿಗೆ ಹೇಳಿಲ್ಲ.

ಹೋದ ವಾರ ಮತ್ತೊಂದು ಸೂಚನೆ ಬಂತು: ಹೊಸ ಆವೃತ್ತಿ ಸಿದ್ಧವಿದೆ, ಈಗಲೇ ಹಾಕಿಕೊಳ್ಳಬಹುದು. ಹಿಂದಿನ ಆವೃತ್ತಿಯಲ್ಲಿದ್ದ ಒಂದು ದೋಷವನ್ನು ಅದರಲ್ಲಿ ಸರಿಪಡಿಸಿದ್ದರು, ಆ ದೋಷ ನನ್ನ ಪಿಡಿಎಫ್‌ಗಳನ್ನೂ ಕಾಡುತ್ತಿತ್ತು, ಹಾಗಾಗಿ ಬೇಡವೆನ್ನುವಂತಿರಲಿಲ್ಲ. ಮೊದಲು ಮೊಬೈಲಿನಲ್ಲಿ ಎರಡೂ ಮಾನಿಟರುಗಳ ಫೋಟೊ ತೆಗೆದುಕೊಂಡೆ, ಯಾವ ಫಲಕ ಎಲ್ಲಿ, ಎಷ್ಟು ಅಗಲ ಎಂದು ಕಾಣುವಂತೆ. ಪೆನ್‌ಡ್ರೈವಿನಲ್ಲಿ ಕಡತ ಇದೆಯೇ ಎಂದು ಇನ್ನೊಮ್ಮೆ ನೋಡಿದೆ. ಆ ದಿನ ಯಾವ ಮುದ್ರಣಾಲಯಕ್ಕೂ ಏನನ್ನೂ ಕಳಿಸುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಟನ್ ಒತ್ತಿ, ಟೀ ಕುಡಿಯಲು ಹೊರಗೆ ಹೋದೆ.